ಆರು ಕೌದಿ ಜರ್ಮನಿಗೆ ಹೋಗಿ ಬಂದವು: ಕಾಗದಪತ್ರ, ಕಾಯುವಿಕೆ, ಖರ್ಚು

ನಮ್ಮ ಕೌದಿಗಳು, ಅಂದರೆ ಹಳೇ ಬಟ್ಟೆಯ ಪದರು ಸೇರಿಸಿ ಕೈಯಲ್ಲಿ ಹೊಲಿದ ಹೊದಿಕೆಗಳು, ಊರಿಗೆ ವಾಪಸ್ ಬಂದಿವೆ. ಜರ್ಮನಿಯ ಒಂದು ಸಣ್ಣ ಕಲಾಕೇಂದ್ರದಲ್ಲಿ ನಾಲ್ಕು ತಿಂಗಳು ತೂಗಿ, ಒಂದು ನೂಲೂ ಕಿತ್ತುಹೋಗದೆ ಮನೆ ಸೇರಿವೆ. ಆಮಂತ್ರಣ ಬಂದಾಗಿನಿಂದ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಒಂದು ವರ್ಷದ ಓಡಾಟ. ದೊಡ್ಡ ಗ್ಯಾಲರಿಯ ಆಸರೆ ಇರುವ ಕಲಾವಿದರಿಗೆ ಈ ಕೆಲಸವನ್ನೆಲ್ಲ ಗ್ಯಾಲರಿಯವರೇ ಮಾಡಿಸುತ್ತಾರೆ. ಊರಲ್ಲಿ ಕೂತು ಒಬ್ಬಂಟಿಯಾಗಿ ಕೆಲಸ ಮಾಡುವ ನಮ್ಮಂಥವರಿಗೆ ಹೇಳಿಕೊಡುವವರು ಯಾರೂ ಇಲ್ಲ. ನಾನು ಹುಡುಕಿದಾಗ ಕನ್ನಡದಲ್ಲಿ ಒಂದು ಪುಟವೂ ಸಿಗಲಿಲ್ಲ. ಮುಂದೆ ಹೋಗುವವರಿಗೆ ಉಪಯೋಗವಾಗಲಿ ಅಂತ, ಎಲ್ಲ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ಮೊದಲು ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಅರ್ಧ ತೊಡಕು ಹುಟ್ಟಿದ್ದೇ ಅಲ್ಲಿಂದ. ನನ್ನದು ಹಾವೇರಿ ಜಿಲ್ಲೆಯ ಹಳ್ಳಿ. ಧಾರವಾಡದಲ್ಲಿ ಚಿತ್ರಕಲೆ ಕಲಿತೆ, ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ಶಿಲ್ಪ, ಆಮೇಲೆ ಹೆಗ್ಗೋಡಿನ ನೀನಾಸಂನಲ್ಲಿ ಒಂದು ವರ್ಷ ಇದ್ದು ಬೆಳಕು, ರಂಗಸಜ್ಜಿಕೆ, ಧ್ವನಿ. ಹೊಟ್ಟೆಪಾಡಿಗೆ ಬೆಂಗಳೂರಲ್ಲಿ ಧಾರಾವಾಹಿಗಳ ಸೆಟ್ ಹಾಕಿದೆ, ಶಾಲೆಗಳಲ್ಲಿ ಶಿಬಿರ ನಡೆಸಿದೆ. ಕೊನೆಗೆ ಊರಿಗೆ ಮರಳಿ ಅವ್ವನ ಜೊತೆ ಕೂತು ಕೌದಿ ಹೊಲಿಯಲು ಶುರು ಮಾಡಿದಾಗ ಇದೆಲ್ಲವೂ ಒಟ್ಟಿಗೆ ಬಂತು. ಹಳೇ ಇಳಕಲ್ ಸೀರೆಗಳ ಆರು ಕೌದಿ ಮೇಲಿಂದ ತೂಗುತ್ತವೆ. ಅವುಗಳ ನಡುವೆ ಹಾಯುವಾಗ ಹೊಲಿಯುತ್ತ ಕೂತ ಹೆಂಗಸರ ಮಾತು, ಹಾಡು ಕೇಳುತ್ತದೆ. ಒಂದು ಕೌದಿಯ ಬೆನ್ನಿನ ಮೇಲೆ ಹೊಲಿಯುವ ಕೈಗಳ ವಿಡಿಯೊ ಬೀಳುತ್ತದೆ.

ಹೀಗೆ ಒಂದಕ್ಕಿಂತ ಹೆಚ್ಚು ಮಾಧ್ಯಮ ಬೆರೆಸಿ ಕೆಲಸ ಮಾಡುವುದು ಕರ್ನಾಟಕಕ್ಕೆ ಹೊಸದಲ್ಲ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಚಿತ್ರ ಬರೆಯುವುದರಿಂದ ಹೊರಟು ಸಗಣಿ, ಕುಂಕುಮ ಹಚ್ಚಿದ ದಾರ, ಕೂದಲ ಹಗ್ಗ, ಡಾಂಬರು ಡ್ರಮ್ಮುಗಳವರೆಗೆ ಬಂದರು. ಪುಷ್ಪಮಾಲಾ ಎನ್. ಶಿಲ್ಪ ಕಲಿತು, ಆಮೇಲೆ ತಾವೇ ವೇಷ ಕಟ್ಟಿ ಕ್ಯಾಮೆರಾ ಮುಂದೆ ನಿಂತರು. ಮೈಸೂರಿನ ಎನ್.ಎಸ್. ಹರ್ಷ ಕ್ಯಾನ್ವಾಸ್ ಬಿಟ್ಟು ನೆಲ, ಗೋಡೆ, ಸಾಲುಸಾಲು ಹೊಲಿಗೆ ಯಂತ್ರಗಳಿಗೆ ಕೈಹಾಕಿದರು. ಕಲಾಲೋಕ ಇದನ್ನೆಲ್ಲ ಒಪ್ಪಿಕೊಂಡು ದಶಕಗಳೇ ಆದವು. ಅರ್ಜಿ ನಮೂನೆಗಳು ಮಾತ್ರ ಇನ್ನೂ ಒಪ್ಪಿಲ್ಲ. ಮಾಧ್ಯಮ ಯಾವುದು ಅನ್ನುವ ಖಾನೆಯಲ್ಲಿ ಒಂದೇ ಸಾಲು ಜಾಗ. ಚಿತ್ರ, ಶಿಲ್ಪ, ಛಾಯಾಚಿತ್ರ, ಇತರೆ. ವರ್ಷವಿಡೀ ನಾನು ಆ ‘ಇತರೆ’ಯಲ್ಲೇ ಬದುಕಿದೆ.

ಆಯ್ಕೆಯಾದ ಸುದ್ದಿ ಮಿಂಚಂಚೆಯಲ್ಲಿ ಬಂತು. ಅದರ ಹಿಂದೆಯೇ ಒಪ್ಪಂದದ ಕರಡು. ಇಲ್ಲಿ ಸ್ವಲ್ಪ ನಿಲ್ಲಿ. ಖುಷಿಯಲ್ಲಿ ಸಹಿ ಹಾಕಿ ಕಳಿಸಿಬಿಡಬೇಕು ಅನ್ನಿಸುತ್ತದೆ, ಹಾಕಬೇಡಿ. ಸಾಗಾಟ ಎರಡೂ ಕಡೆಯದು ಯಾರ ಖರ್ಚು, ವಿಮೆ ಎಲ್ಲಿಂದ ಎಲ್ಲಿವರೆಗೆ, ಪ್ರೊಜೆಕ್ಟರ್ ಅವರದೋ ನಮ್ಮದೋ, ಕಲಾವಿದರ ಗೌರವಧನ ಎಷ್ಟು, ಈ ನಾಲ್ಕೂ ಬರಹದಲ್ಲಿ ಇರಬೇಕು. ವಿಮೆಯನ್ನು ನಮ್ಮ ಮನೆ ಗೋಡೆಯಿಂದ ಹೊರಟು ಮತ್ತೆ ನಮ್ಮ ಮನೆ ಗೋಡೆಗೆ ಮುಟ್ಟುವವರೆಗೆ ಕೇಳಿ. ಅಲ್ಲಿನ ಬಾಗಿಲಿನಿಂದ ಬಾಗಿಲಿಗೆ ಮಾತ್ರ ಅಂದರೆ ದಾರಿಯಲ್ಲಿ ಏನೇ ಆದರೂ ನಮ್ಮ ತಲೆಗೆ. ಪ್ರೊಜೆಕ್ಟರ್ ಅವರೇ ಕೊಡುತ್ತೇವೆ ಅಂದದ್ದರಿಂದ ನನ್ನ ಪೆಟ್ಟಿಗೆಯ ಭಾರವೂ ಇಳಿಯಿತು, ಪಟ್ಟಿಯೂ ಚಿಕ್ಕದಾಯಿತು. ವಿಡಿಯೊ, ಧ್ವನಿಯ ಕಡತಗಳನ್ನು ಲಿಂಕ್‌ನಲ್ಲೇ ಕಳಿಸಿದೆ. ಅಲ್ಲಿಯೂ ವಿದ್ಯುತ್ತು 230 ವೋಲ್ಟ್, ಆದ್ದರಿಂದ ಇಲ್ಲಿಂದ ಹೊತ್ತ ಮೀಡಿಯಾ ಪ್ಲೇಯರ್, ಸ್ಪೀಕರ್‌ಗಳಿಗೆ ತೊಂದರೆ ಆಗಲಿಲ್ಲ. ಪ್ಲಗ್ಗಿನ ಅಡಾಪ್ಟರ್ ಸಾಕಾಯಿತು.

ಒಪ್ಪಂದದಲ್ಲಿ ಕಲಾವಿದರ ಹೆಸರಿಗೆ ಒಂದೇ ಜಾಗವಿತ್ತು. ಆರರಲ್ಲಿ ನಾಲ್ಕು ಕೌದಿಯ ಮುಕ್ಕಾಲು ಹೊಲಿಗೆ ಅವ್ವನದು. ಅವಳ ಹೆಸರಿಲ್ಲದೆ ಕಳಿಸುವುದಿಲ್ಲ ಅಂತ ಬರೆದೆ. ಅವರಿಂದ ಉತ್ತರ ಬರುವವರೆಗೆ, ಇಷ್ಟಕ್ಕೇ ಅವಕಾಶ ಕೈತಪ್ಪಿದರೆ ಅಂತ ಹೊಟ್ಟೆಯೊಳಗೆ ಸಂಕಟ. ಅವರು ತಕರಾರು ಮಾಡಲಿಲ್ಲ. ಇಬ್ಬರ ಸಹಿ ಬೇಕು ಅಂದರು ಅಷ್ಟೆ. ಅವ್ವ ಕನ್ನಡದಲ್ಲೇ ಸಹಿ ಹಾಕಿದಳು, ನಡೆಯಿತು. ಅವಳಿಗೂ ಬರಲು ಕರೆ ಇತ್ತು, ಮೊಣಕಾಲು ನೋವಿನಿಂದ ಬರಲಿಲ್ಲ.

ಹೆಸರಿನ ಇನ್ನೊಂದು ಗಂಟು ನಮ್ಮ ಕಡೆಯವರೆಲ್ಲರಿಗೂ ಬರುವಂಥದ್ದು. ನಾನು ಪ್ರದರ್ಶನಗಳಲ್ಲಿ ಬಳಸುವ ಹೆಸರಿನಲ್ಲಿ ಊರಿನ ಹೆಸರಿದೆ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಮನೆತನದ ಹೆಸರು. ಪ್ಯಾನ್ ಕಾರ್ಡಿನಲ್ಲಿ ಇನಿಷಿಯಲ್ ಮಾತ್ರ. ಆಮಂತ್ರಣ ಪತ್ರ ಒಂದು ಹೆಸರಿಗೆ, ವೀಸಾ ಅರ್ಜಿ ಮತ್ತೊಂದಕ್ಕೆ, ಕಸ್ಟಮ್ಸ್ ಕಾಗದ ಮೂರನೆಯದಕ್ಕೆ ಆದರೆ ಯಾರೂ ನಂಬುವುದಿಲ್ಲ. ಪ್ಯಾನ್ ತಿದ್ದುಪಡಿ ಮೊದಲೇ ಮಾಡಿಸಿಕೊಂಡೆ. ಕಲಾಕೇಂದ್ರದವರಿಂದ, ಪಾಸ್‌ಪೋರ್ಟಿನಲ್ಲಿರುವ ಈ ವ್ಯಕ್ತಿಯೇ ಈ ಹೆಸರಿನಿಂದ ಕಲಾಕೃತಿ ಪ್ರದರ್ಶಿಸುತ್ತಾರೆ ಅಂತ ಒಂದು ಪತ್ರವನ್ನೂ ಅವರ ಲೆಟರ್‌ಹೆಡ್‌ನಲ್ಲಿ ಬರೆಸಿ ತರಿಸಿದೆ. ಆ ಒಂದು ಹಾಳೆಯನ್ನು ಎಲ್ಲೆಲ್ಲೂ ತೋರಿಸಿದ್ದೇನೆ.

ಆಮೇಲೆ ಬೆಲೆ ಕಟ್ಟುವ ಕೆಲಸ. ಪ್ರತಿ ವಸ್ತುವಿಗೂ ಒಂದು ಮೌಲ್ಯ ಬರೆಯಬೇಕು. ಅಡುಗೆಮನೆ ಕಟ್ಟೆಯ ಮೇಲೆ ಕೂತು ಅವ್ವನನ್ನು ಕೇಳಿದೆ.

“ಯವ್ವಾ, ಒಂದ್ ಕೌದಿಗೆ ಎಷ್ಟ್ ರೊಕ್ಕ ಅಂತ ಬರೀಲಿ?”

“ಸೀರಿ ಹಳೇವು. ದಾರದ ರೊಕ್ಕ ಬರಿ.”

“ನಿನ್ನ ಕೈ ಕೆಲಸದ್ದು?”

“ಅದನ್ನ ಯಾರ್ ಕೊಡ್ತಾರ? ಇಷ್ಟ್ ವರ್ಷ ಹೊಲದೀನಿ, ಒಬ್ರರ ಕೇಳ್ಯಾರೇನು?”

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಸಿಟ್ಟು ಅವಳ ಮೇಲಲ್ಲ. ಕಾಗದದ ಮೇಲೆ ಮಾತ್ರ ತಣ್ಣಗೆ ಲೆಕ್ಕ ಹಾಕಲೇಬೇಕಿತ್ತು. ಬೆಲೆ ಕಡಿಮೆ ಬರೆದರೆ, ಕಳೆದುಹೋದಾಗ ವಿಮೆಯವರು ಅಷ್ಟೇ ಕೊಡುತ್ತಾರೆ. ಹೆಚ್ಚು ಬರೆದರೆ ವಿಮೆಯ ಕಂತು, ಮುಂದೆ ಹೇಳುವ ಕಾರ್ನೆಟ್‌ನ ಠೇವಣಿ, ಎರಡೂ ಏರುತ್ತವೆ. ಎರಡು ಕಡೆ ಎರಡು ಬೆಲೆ ಬರೆಯುವ ಹಾಗೂ ಇಲ್ಲ. ಹಿಂದೆ ಮಾರಾಟವಾದ ನನ್ನ ಕೃತಿಗಳ ಬಿಲ್ಲುಗಳನ್ನು ಹುಡುಕಿ, ಹೊಲಿದ ಸಮಯಕ್ಕೆ ಒಂದು ದಿನಗೂಲಿ ಹಾಕಿ, ಕೌದಿಗೆ ಸರಾಸರಿ 40,000 ರೂಪಾಯಿ ಬರೆದೆ. ಹಳೇ ಬಿಲ್ಲು ಇಟ್ಟುಕೊಂಡಿರುವುದು ಎಷ್ಟು ಉಪಯೋಗಕ್ಕೆ ಬಂತೆಂದರೆ, ಈಗ ಐನೂರು ರೂಪಾಯಿಯ ರೇಖಾಚಿತ್ರ ಮಾರಿದರೂ ಬಿಲ್ಲು ಬರೆದು ಇಡುತ್ತೇನೆ.

ಬೆಂಗಳೂರಿನಲ್ಲಿ ನಾನು ಮೊದಲು ಹಿಡಿದ, ಕಸ್ಟಮ್ಸ್ ಕೆಲಸ ಮಾಡಿಸಿಕೊಡುವ ಕ್ಲಿಯರಿಂಗ್ ಏಜೆಂಟ್ ಪಟ್ಟಿ ನೋಡಿ ಕೇಳಿದ ಪ್ರಶ್ನೆ: “ಮೇಡಂ, ಇದು ಬೆಡ್‌ಶೀಟೋ, ಪೇಂಟಿಂಗೋ, ಟೀವಿ ಸಾಮಾನೋ? ಒಂದು ಹೇಳಿ, ಕೋಡ್ ಹಾಕ್ತೀನಿ.” ಅವರು ತಮಾಷೆ ಮಾಡುತ್ತಿರಲಿಲ್ಲ. ಗಡಿ ದಾಟುವ ಪ್ರತಿ ವಸ್ತುವಿಗೂ ಎಚ್‌ಎಸ್ ಕೋಡ್, ಅಂದರೆ ಸರಕು ಯಾವ ವರ್ಗದ್ದು ಅಂತ ಹೇಳುವ ಸಂಖ್ಯೆ, ಬೇಕು. ಕಲಾಕೃತಿಗಳಿಗೆ 97ನೇ ಅಧ್ಯಾಯ. ಯುರೋಪ್ ಒಕ್ಕೂಟದಲ್ಲಿ ಅದಕ್ಕೆ ಆಮದು ಸುಂಕವೇ ಇಲ್ಲ. ಹೊದಿಕೆ, ರಜಾಯಿಗಳಿಗೆ 9404. ಅದರ ಲೆಕ್ಕ ಬೇರೆ. ಒಂದೇ ಕೃತಿಯ ಆರು ಭಾಗಗಳು ಒಂದು ಕಡೆ, ಸ್ಪೀಕರ್ ಇನ್ನೊಂದು ಕಡೆ.

ಇದು ನನ್ನೊಬ್ಬಳ ಪಾಡಲ್ಲ, ನೂರು ವರ್ಷದ ಹಳೇ ಜಗಳ. 1926ರಲ್ಲಿ ಶಿಲ್ಪಿ ಬ್ರಾಂಕುಸಿಯ ಕಂಚಿನ ಹಕ್ಕಿ ನ್ಯೂಯಾರ್ಕ್ ಬಂದರಿಗೆ ಇಳಿದಾಗ, ರೆಕ್ಕೆಪುಕ್ಕ ಕಾಣದ ಆ ಶಿಲ್ಪವನ್ನು ಕಸ್ಟಮ್ಸ್‌ನವರು ಅಡುಗೆಮನೆ ಪಾತ್ರೆ, ಆಸ್ಪತ್ರೆ ಸಾಮಗ್ರಿಗಳ ಸಾಲಿಗೆ ಸೇರಿಸಿ ಶೇ. 40 ಸುಂಕ ಹಾಕಿದ್ದರು. ಕೋರ್ಟಿಗೆ ಹೋಗಿ, 1928ರಲ್ಲಿ ಅದು ಕಲೆಯೇ ಅಂತ ತೀರ್ಪು ಬಂತು. ಅಷ್ಟು ಹಿಂದೆ ಹೋಗುವುದೂ ಬೇಡ. ಅಮೆರಿಕದ ಕಲಾವಿದರಾದ ಡ್ಯಾನ್ ಫ್ಲೇವಿನ್‌ನ ಟ್ಯೂಬ್‌ಲೈಟ್ ಕೃತಿ, ಬಿಲ್ ವಯೋಲಾನ ವಿಡಿಯೊ ಕೃತಿ ಬಿಡಿಭಾಗಗಳಾಗಿ ಬ್ರಿಟನ್ನಿಗೆ ಬಂದಾಗ ಅಲ್ಲಿನ ನ್ಯಾಯಮಂಡಳಿ 2008ರಲ್ಲಿ ಅವು ಕಲಾಕೃತಿಗಳು ಅಂದಿತು. 2010ರಲ್ಲಿ ಯುರೋಪಿಯನ್ ಕಮಿಷನ್ ಅದಕ್ಕೆ ಉಲ್ಟಾ ಹೊಡೆದು, ದೀಪದ ಸಾಮಾನು, ಪ್ರೊಜೆಕ್ಟರ್ ಸಾಮಾನು ಅಂತ ವರ್ಗ ಮಾಡಿತು. ಅಂಥ ಹೆಸರುಗಳಿಗೇ ಹೀಗಾದರೆ ನಮ್ಮ ಕೌದಿ ಯಾವ ಲೆಕ್ಕ! ಇದನ್ನು ಓದಿಕೊಂಡ ಮೇಲೆ ನಾನು ಇದು ಕಲೆ ಅಂತ ವಾದ ಮಾಡುವುದನ್ನು ಬಿಟ್ಟೆ. ವಸ್ತು ಯಾವುದು, ಯಾವುದರಿಂದ ಮಾಡಿದ್ದು, ಎಷ್ಟು ಉದ್ದಗಲ, ಎಷ್ಟು ತೂಕ, ಅಷ್ಟನ್ನೇ ಬರೆದೆ. ಕಲೆಯ ಮಾತು ಆಮಂತ್ರಣ ಪತ್ರದಲ್ಲಿ ಹೇಗೂ ಇತ್ತು.

ಸುಂಕದ ಗೊಂದಲಕ್ಕೆ ಬಹುಪಾಲು ಪರಿಹಾರ ಎಟಿಎ ಕಾರ್ನೆಟ್. ಪ್ರದರ್ಶನಕ್ಕೆ ಹೋಗಿ ಹಾಗೇ ವಾಪಸ್ ಬರುವ ವಸ್ತುಗಳಿಗೆ ಕೊಡುವ ಒಂಥರಾ ಪಾಸ್‌ಪೋರ್ಟ್ ಅದು. ಭಾರತದಲ್ಲಿ ಕೊಡುವವರು ವಾಣಿಜ್ಯೋದ್ಯಮಿಗಳ ಒಕ್ಕೂಟವಾದ ಫಿಕ್ಕಿ. ಒಂದು ವರ್ಷದ ಅವಧಿ. ಅಷ್ಟರೊಳಗೆ ವಸ್ತು ಮರಳಬೇಕು. ನನ್ನಿಂದ ಕೇಳಿದ ಕಾಗದಗಳಲ್ಲಿ ಪ್ಯಾನ್, ಆಮಂತ್ರಣ, ವಸ್ತುಪಟ್ಟಿ, ಐಇಸಿ ಇದ್ದವು. ಐಇಸಿ ಆಮದು ರಫ್ತಿನ ಸಂಕೇತ ಸಂಖ್ಯೆ, ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಜಾಲತಾಣದಲ್ಲಿ 500 ರೂಪಾಯಿಗೆ ನಾವೇ ಮಾಡಿಕೊಳ್ಳಬಹುದು. ಮಾಡಿಕೊಂಡು ಮರೆತುಬಿಡುವ ಹಾಗಿಲ್ಲ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಒಮ್ಮೆ ವಿವರ ಖಚಿತಪಡಿಸದಿದ್ದರೆ ಸಂಖ್ಯೆ ನಿಷ್ಕ್ರಿಯವಾಗುತ್ತದೆ.

ಕಾರ್ನೆಟ್ ಶುಲ್ಕಕ್ಕಿಂತ ಹೆದರಿಸಿದ್ದು ಠೇವಣಿ. ವಸ್ತುವಿನ ಮೌಲ್ಯ ನೋಡಿ ಬ್ಯಾಂಕ್ ಗ್ಯಾರಂಟಿಯನ್ನೋ ನಗದನ್ನೋ ಇಡಬೇಕು. ನಮ್ಮ ಊರ ಹತ್ತಿರದ ಬ್ಯಾಂಕ್ ಶಾಖೆಯಲ್ಲಿ ಗ್ಯಾರಂಟಿ ಅಂದಾಗ ಗುತ್ತಿಗೆದಾರರ ಕೌಂಟರಿಗೆ ಕಳಿಸಿದರು. ಅಲ್ಲಿಂದ ಮುಖ್ಯ ಶಾಖೆಗೆ. ಅಲ್ಲಿ, ಇದಕ್ಕೆ ಸಮನಾದ ಎಫ್‌ಡಿ ಇಟ್ಟರೆ ಮಾಡಬಹುದು ಅಂದರು. ಹಾಗಾದರೆ ಗ್ಯಾರಂಟಿ ಏಕೆ, ನಗದನ್ನೇ ಇಡೋಣ ಅಂತ ತಮ್ಮನಿಂದ ಸಾಲ ತೆಗೆದುಕೊಂಡೆ. ಈ ದುಡ್ಡು ಖರ್ಚಲ್ಲ, ಮರಳಿ ಬರುವಂಥದ್ದು. ಆದರೆ ತಿಂಗಳುಗಟ್ಟಲೆ ಕಟ್ಟಿಹಾಕಿದಂತೆ ಇರುತ್ತದೆ. ಕಲಾಕೇಂದ್ರದವರು ಇದನ್ನು ಮುಂಗಡವಾಗಿ ಕೊಡಬಲ್ಲರೇ ಅಂತ ಒಪ್ಪಂದದ ಹೊತ್ತಿಗೇ ಕೇಳಿ ನೋಡಿ.

ಕಾರ್ನೆಟ್‌ನ ವಸ್ತುಪಟ್ಟಿ ಒಮ್ಮೆ ಸಹಿಯಾದರೆ ಮುಗಿಯಿತು, ಆಮೇಲೆ ಒಂದು ಸೂಜಿಯನ್ನೂ ಸೇರಿಸುವಂತಿಲ್ಲ. ಎಲೆಕ್ಟ್ರಾನಿಕ್ ಸಾಮಾನಿಗೆ ಸೀರಿಯಲ್ ನಂಬರ್ ಬೇಕು. ಕೌದಿಗೆ ಎಲ್ಲಿಯ ಸೀರಿಯಲ್ ನಂಬರ್? ಪ್ರತಿಯೊಂದರ ಹಿಂಬದಿ ಮೂಲೆಗೆ ಬೆರಳಗಲದ ಬಿಳಿ ಪಟ್ಟಿ ಇಟ್ಟು 1ರಿಂದ 6ರವರೆಗೆ ಕೆಂಪು ದಾರದಲ್ಲಿ ಅಂಕಿ ಹೊಲಿದೆ. ಕಾರ್ನೆಟ್‌ನ ವಸ್ತುಪಟ್ಟಿಯಲ್ಲೂ ಅದೇ ಸಂಖ್ಯೆ, ಫೋಟೊದಲ್ಲೂ ಅದೇ. ಇಷ್ಟು ಸಣ್ಣ ಕೆಲಸ ಪ್ರತಿ ತಪಾಸಣೆಯಲ್ಲೂ ಸಮಯ ಉಳಿಸಿತು.

ಹಳೇ ಸೀರೆಯ ವಸ್ತು ಅಂದರೆ ಪುರಾತನ ವಸ್ತುವಿರಬಹುದೇ ಅನ್ನುವ ಅನುಮಾನ ಏಳುತ್ತದೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ ದೇಶ ಬಿಡುವಂತಿಲ್ಲ. ವಯಸ್ಸು ಎಷ್ಟೇ ಇರಲಿ, ರವಿವರ್ಮ, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್ ಮುಂತಾದ ಕೆಲವರ ಕೃತಿಗಳನ್ನೂ ರಾಷ್ಟ್ರೀಯ ಕಲಾನಿಧಿ ಅಂತ ಸಾರಿದ್ದಾರೆ. ಬೆಂಗಳೂರು ಬಳಿಯ ತಾತಗುಣಿ ಎಸ್ಟೇಟಿನ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರ ತಂದೆ ನಿಕೋಲಸ್ ರೋರಿಕ್ ಕೂಡ ಆ ಪಟ್ಟಿಯಲ್ಲಿದ್ದಾರೆ. ನನ್ನ ಕೌದಿಯಲ್ಲಿದ್ದ ಅತಿ ಹಳೇ ಸೀರೆ ಅಜ್ಜಿಯ ಮದುವೆಯದು, ಇನ್ನೂ ನೂರಾಗಿಲ್ಲ. ಆದರೂ ವಿಮಾನ ನಿಲ್ದಾಣದಲ್ಲಿ ನಿಂತು ಅದನ್ನು ಸಾಬೀತು ಮಾಡುವುದಕ್ಕಿಂತ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯಿಂದ ಇದು ಪುರಾತನ ವಸ್ತುವಲ್ಲ ಅನ್ನುವ ಪ್ರಮಾಣಪತ್ರ ತೆಗೆದುಕೊಳ್ಳುವುದೇ ಮೇಲು ಅನ್ನಿಸಿತು. ಸ್ಪಷ್ಟ ಫೋಟೊಗಳು, ಅಳತೆ, ಯಾವಾಗ ಯಾರು ಮಾಡಿದ್ದು ಅನ್ನುವ ಹೇಳಿಕೆ ಕೊಟ್ಟೆ. ಅಲ್ಲಿನ ತಜ್ಞರೊಬ್ಬರು ಕೌದಿಯ ಪದರುಗಳನ್ನು ಮುಟ್ಟಿ ನೋಡಿ, ಇದರ ಟೋಪಿ ತೆನೆ ಸೆರಗು ಎಷ್ಟು ಚೆನ್ನಾಗಿ ಉಳಿದಿದೆ ಅಂದರು. ಇಡೀ ವರ್ಷದಲ್ಲಿ ಕಾಗದ ಕೊಡುವ ಒಬ್ಬರು ವಸ್ತುವನ್ನು ನೋಡಿ ಮಾತಾಡಿದ್ದು ಅದೊಂದೇ ಸಲ. ಹೊಸ ಕೃತಿಗೆ ಈ ಪತ್ರ ಕಡ್ಡಾಯವಲ್ಲ. ನೋಡಲು ಹಳತಾಗಿ ಕಾಣುವುದಾದರೆ ತೆಗೆದುಕೊಳ್ಳಿ.

ಇಷ್ಟೆಲ್ಲ ಮುಗಿಯುವಾಗ ಕಲಾಕೇಂದ್ರದ ಸಂರಕ್ಷಣಾ ವಿಭಾಗದಿಂದ ಒಂದು ಪತ್ರ ಬಂತು. ಹಳೇ ಬಟ್ಟೆಯಲ್ಲಿ ನುಸಿ, ಹುಳದ ಮೊಟ್ಟೆ ಇರಬಹುದು, ಔಷಧಿ ಹೊಡೆಯಬೇಡಿ, ಮೈನಸ್ 20 ಡಿಗ್ರಿಯಲ್ಲಿ ಕನಿಷ್ಠ ಒಂದು ವಾರ ಇಟ್ಟು ಕಳಿಸಿ ಅಂತ. ಬಟ್ಟೆ ಸಂಗ್ರಹವಿರುವ ವಸ್ತುಸಂಗ್ರಹಾಲಯಗಳಲ್ಲಿ ಇದು ರೂಢಿ. ನಮ್ಮ ಕಡೆ ಶೀತಲಗೃಹಕ್ಕೆ ಬರವಿಲ್ಲ, ಬ್ಯಾಡಗಿ ತುಂಬ ಇವೆ. ಆದರೆ ಮೆಣಸಿನಕಾಯಿಗೆ ಅಷ್ಟು ಚಳಿ ಬೇಡ, ಅವು ಸೊನ್ನೆಗಿಂತ ಮೇಲೆಯೇ ನಡೆಯುತ್ತವೆ. ಕೊನೆಗೆ ಹುಬ್ಬಳ್ಳಿಯ ಒಬ್ಬ ಐಸ್‌ಕ್ರೀಮ್ ಸಗಟು ವ್ಯಾಪಾರಿ ತಮ್ಮ ಒಂದು ಡೀಪ್ ಫ್ರೀಜರ್ ಖಾಲಿ ಮಾಡಿಕೊಟ್ಟರು. ಬಾಡಿಗೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಮಾಡುವವರಿಗೆ ಒಂದು ಮಾತು: ಬಟ್ಟೆಯನ್ನು ದಪ್ಪ ಪಾಲಿಥಿನ್‌ನಲ್ಲಿ ಸುತ್ತಿ, ಗಾಳಿ ಒತ್ತಿ ತೆಗೆದು, ಟೇಪ್ ಹಾಕಿ ಮುಚ್ಚಿಯೇ ಒಳಗಿಡಬೇಕು. ಹೊರಗೆ ತೆಗೆದ ಮೇಲೆ ಒಂದು ಇಡೀ ದಿನ ಬಿಚ್ಚಬಾರದು. ತಣ್ಣನೆಯ ಬಟ್ಟೆಗೆ ಹೊರಗಿನ ಗಾಳಿ ತಾಗಿದರೆ ನೀರು ಕೂತು ಬಣ್ಣ ಬಿಡುತ್ತದೆ.

ಫ್ರೀಜರ್‌ನಿಂದ ತಂದ ಮೇಲೆ ಹೊಸ ಏಜೆಂಟ್ ಕೇಳಿದರು, ಒಳಗೆ ಗಿಡಮೂಲದ ವಸ್ತು, ಬೀಜ, ಹುಲ್ಲು ಏನಾದರೂ ಇದೆಯಾ ಅಂತ. ಇತ್ತು. ಪ್ರತಿ ಕೌದಿಯ ಒಂದು ಮೂಲೆಯಲ್ಲಿ ಅವ್ವ ನಾಲ್ಕು ಕಾಳು ಬಿಳಿಜೋಳ ಇಟ್ಟೇ ಕೊನೆಯ ಹೊಲಿಗೆ ಹಾಕುವುದು. ಹಸಿದ ಕೌದಿ ಹೊದ್ದರೆ ನಿದ್ದೆ ಹತ್ತುವುದಿಲ್ಲ ಅನ್ನುತ್ತಾಳೆ. ಹೊರದೇಶಕ್ಕೆ ಬೀಜ ಹೋಗಬೇಕಾದರೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅದಕ್ಕೆ ಬೆಂಗಳೂರಿನ ಸಸ್ಯ ಕ್ವಾರಂಟೈನ್ ಕೇಂದ್ರದಲ್ಲಿ ಅರ್ಜಿ, ತಪಾಸಣೆ. ನಾಲ್ಕು ಕಾಳಿಗೆ ಅಷ್ಟೆಲ್ಲ ಮಾಡಿಸಬಹುದಿತ್ತು. ಆದರೆ ಕಾರ್ನೆಟ್ ಪಟ್ಟಿಯಲ್ಲಿ ಕಾಳಿಲ್ಲ, ಸೇರಿಸುವಂತಿಲ್ಲ, ವಿಮಾನದ ದಿನ ಹತ್ತಿರ ಬಂದಿತ್ತು. ಹೇಳದೆ ಕಳಿಸುವುದು ನನಗೆ ಬೇಡವಾಗಿತ್ತು. ಅಲ್ಲಿ ಸಿಕ್ಕಿಬಿದ್ದರೆ ಪೂರ್ತಿ ಪೆಟ್ಟಿಗೆ ತಡೆಯುತ್ತಾರೆ.

ಅವ್ವನಿಗೆ ಹೇಳುವುದಕ್ಕೆ ಎರಡು ದಿನ ಧೈರ್ಯ ಬರಲಿಲ್ಲ. ಹೇಳಿದಾಗ ಅವಳು ಸುಮ್ಮನೆ ಕನ್ನಡಕ ಹಾಕಿಕೊಂಡು ಕತ್ತರಿ ತೆಗೆದುಕೊಂಡಳು. ಒಂದೊಂದೇ ಮೂಲೆ ಬಿಚ್ಚಿ, ಕಾಳುಗಳನ್ನು ಅಂಗೈಗೆ ಉದುರಿಸಿ, ಕೌದಿಗೊಂದರಂತೆ ಸಣ್ಣ ಪೊಟ್ಟಣ ಕಟ್ಟಿದಳು. “ಅಲ್ಲಿ ಅವನ್ನ ಯಾರೂ ಹೊದ್ಕೋಳಾಂಗಿಲ್ಲಲ್ಲ? ನೋಡೂದಷ್ಟ ಅಲ್ಲ? ಹಂಗಾದ್ರ ಇರ್ಲಿ ಬಿಡು,” ಅಂದಳು. ಮೂಲೆಗಳನ್ನು ಮತ್ತೆ ಹೊಲಿಯಲಿಲ್ಲ. ಬಿಚ್ಚಿದ್ದು ಬಿಚ್ಚಿದಂತೆ ಇರಲಿ ಅಂತ ನಾವಿಬ್ಬರೂ ತೀರ್ಮಾನ ಮಾಡಿದೆವು. ಕೃತಿಯ ಪಕ್ಕದ ಬರಹದಲ್ಲಿ ಆ ಮೂಲೆಗಳು ಏಕೆ ಖಾಲಿ ಅಂತ ಮೂರು ಸಾಲು ಸೇರಿಸಿದೆ. ನೀವು ತೆಂಗಿನ ಗರಿ, ಅಡಿಕೆ ಹಾಳೆ, ಹುಲ್ಲು, ಸಗಣಿ, ಮಣ್ಣು ಯಾವುದನ್ನಾದರೂ ಬಳಸುವವರಾದರೆ, ಕೃತಿ ಮಾಡುವ ಮೊದಲೇ ಈ ಪ್ರಶ್ನೆಯನ್ನು ಅಲ್ಲಿನವರಿಗೆ ಕೇಳಿ.

ಪೆಟ್ಟಿಗೆಯ ವಿಷಯ. ಹಸಿ ಮರದ ಪೆಟ್ಟಿಗೆ ಗಡಿ ದಾಟಬೇಕಾದರೆ ಮರವನ್ನು ಒಳತಿರುಳಿನವರೆಗೆ 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿರಬೇಕು. ಈ ಅಂತರರಾಷ್ಟ್ರೀಯ ನಿಯಮಕ್ಕೆ ಐಎಸ್‌ಪಿಎಂ 15 ಅನ್ನುತ್ತಾರೆ. ತೆನೆಯ ಗುರುತಿರುವ ಮುದ್ರೆ, ಅದರಲ್ಲಿ ಐಎನ್ (ಭಾರತ) ಮತ್ತು ಎಚ್‌ಟಿ (ಕಾಯಿಸಿದ್ದು) ಅಕ್ಷರಗಳು ಇರಬೇಕು. ಪ್ಲೈವುಡ್‌ಗೆ ಇದು ಬೇಡ, ಆದರೆ ಕೆಳಗೆ ಹೊಡೆಯುವ ಮರದ ಪಟ್ಟಿಗೆ ಬೇಕು. ಊರ ಬಡಗಿಯಿಂದ ಪ್ಲೈವುಡ್ ಪೆಟ್ಟಿಗೆ ಮಾಡಿಸಿ, ಮುದ್ರೆ ಇರುವ ಪಟ್ಟಿಗಳನ್ನು ಬೆಂಗಳೂರಿನಲ್ಲಿ ಹಾಕಿಸಿದೆ. ಅಳತೆ ಮೊದಲು ಹಿಡಿದು ಲೆಕ್ಕ ಮಾಡಿ. ವಿಮಾನದವರು ತೂಕವನ್ನಷ್ಟೇ ನೋಡುವುದಿಲ್ಲ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 6,000ದಿಂದ ಭಾಗಿಸುತ್ತಾರೆ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಕೌದಿಗಳನ್ನು ಸುರುಳಿ ಸುತ್ತಿದರೆ 180, 60, 60ರ ಪೆಟ್ಟಿಗೆ ಬೇಕಿತ್ತು, ಅದು 108 ಕಿಲೋ ಲೆಕ್ಕ. ಮಡಿಕೆಯ ನಡುವೆ ಮೆತ್ತನೆ ಹತ್ತಿಬಟ್ಟೆಯ ಉರುಳೆ ಇಟ್ಟು ಮಡಚಿದಾಗ 100, 70, 50ಕ್ಕೆ ಇಳಿದು 58 ಕಿಲೋ ಚಿಲ್ಲರೆ ಆಯಿತು. ಮಡಚುವ ಪ್ರತಿ ಹಂತದ ಫೋಟೊ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದೆ. ವಾಪಸ್ ಕಟ್ಟುವವರು ನಾವಲ್ಲವಲ್ಲ.

ವೀಸಾ ಭಾಗವನ್ನು ಬೇಗ ಮುಗಿಸುತ್ತೇನೆ, ಅದರ ಬಗ್ಗೆ ಮಾಹಿತಿ ಬೇಕಾದಷ್ಟಿದೆ. ಯುರೋಪಿನ ಷೆಂಗೆನ್ ವೀಸಾದ ಶುಲ್ಕ 90 ಯೂರೊ, ಅರ್ಜಿ ಕೇಂದ್ರದ ಶುಲ್ಕ ಬೇರೆ. 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ಸಾಮಾನ್ಯವಾಗಿ 15 ದಿನ ಅನ್ನುತ್ತಾರೆ, 45ರವರೆಗೂ ಹೋಗಬಹುದು. ಕಲಾವಿದರಿಗೆ ಕಷ್ಟ ಬರುವುದು ಸಂಬಳದ ಚೀಟಿ, ಆಫೀಸಿನ ರಜೆ ಪತ್ರ ಕೇಳಿದಾಗ. ನಮಗೆ ಎರಡೂ ಇಲ್ಲ. ಖಾತೆಗೆ ಒಂದು ತಿಂಗಳು 60,000 ಬಂದರೆ ಮುಂದಿನ ಎರಡು ತಿಂಗಳು ಏನೂ ಇಲ್ಲ. ಮೂರು ವರ್ಷದ ಐಟಿಆರ್ ಇಟ್ಟೆ. ಜಮೆಯಾದ ಪ್ರತಿ ದೊಡ್ಡ ಮೊತ್ತ ಯಾವ ಕೆಲಸದ್ದು ಅಂತ ಒಂದು ಪುಟದಲ್ಲಿ ಬರೆದು, ಕಾರ್ಯಾದೇಶದ ಪ್ರತಿ ಲಗತ್ತಿಸಿದೆ. ಉಳಿದುಕೊಳ್ಳುವ ಖರ್ಚು ತಮ್ಮದು ಅಂತ ಕಲಾಕೇಂದ್ರ ಬರೆದುಕೊಟ್ಟಿದ್ದು ಹೆಚ್ಚು ಕೆಲಸ ಮಾಡಿರಬೇಕು. ಪಾಸ್‌ಪೋರ್ಟ್ ಕೈಗೆ ಬರುವವರೆಗೆ ಪೆಟ್ಟಿಗೆ ಮುಂದೆ ಹೋಗಿ ನಾನು ಇಲ್ಲೇ ಉಳಿದರೆ ಗತಿ ಏನು ಅನ್ನುವ ಯೋಚನೆಯಲ್ಲಿ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ.

ಪೆಟ್ಟಿಗೆ ಹೋಯಿತು, ಅಲ್ಲಿ ನಿಂತಿತು. ಕಾರ್ನೆಟ್‌ನಲ್ಲಿ ಪ್ರದರ್ಶನದ ವಸ್ತು ಅಂತ ಇದೆ, ವಿಮಾನ ಸಾಗಾಟದ ಚೀಟಿಯಾದ ಏರ್‌ವೇ ಬಿಲ್ಲಿನಲ್ಲಿ ಮಾತ್ರ ಗೃಹೋಪಯೋಗಿ ಬಟ್ಟೆ ಅಂತ ಯಾರೋ ಹೊಡೆದಿದ್ದರು. ಎರಡು ಕಾಗದ ಎರಡು ಮಾತು ಹೇಳಿದರೆ ಯಾವ ದೇಶದ ಕಸ್ಟಮ್ಸ್ ಆದರೂ ನಿಲ್ಲಿಸುತ್ತದೆ. ಅದೂ ಶುಕ್ರವಾರ ಸಂಜೆ. ಇಲ್ಲಿಂದ ತಿದ್ದುಪಡಿ ಪತ್ರ ಹೋಗಿ, ಸೋಮವಾರ ಮಧ್ಯಾಹ್ನ ಬಿಡುಗಡೆಯಾಯಿತು. ಏರ್‌ವೇ ಬಿಲ್ಲಿನ ಕರಡನ್ನು ಕಣ್ಣಾರೆ ನೋಡದೆ ಒಪ್ಪಿಗೆ ಕೊಡಬೇಡಿ. ಕಾರ್ನೆಟ್ ಸಂಖ್ಯೆ ಅದರ ಮೇಲೆ ಇರಲೇಬೇಕು.

ಅಲ್ಲಿ ಕೌದಿ ತೂಗುಹಾಕುವ ದಿನ, ನಾನು ಕನಸಿನಲ್ಲೂ ಎಣಿಸದ ತಡೆ ಎದುರಾಯಿತು. ಜರ್ಮನಿಯಲ್ಲಿ ಜನ ಸೇರುವ ಜಾಗದಲ್ಲಿ ತೂಗುವ ಬಟ್ಟೆಗೆ ಬೆಂಕಿ ಬೇಗ ಹತ್ತಬಾರದು. ಬಿ1 ಅನ್ನುವ ದರ್ಜೆಯ ದಾಖಲೆ ಕೇಳುತ್ತಾರೆ. ಅಜ್ಜಿಯ ಸೀರೆಗೆ ಎಲ್ಲಿಯ ದರ್ಜೆ? ಬೆಂಕಿನಿರೋಧಕ ದ್ರಾವಣ ಸಿಂಪಡಿಸೋಣವೇ ಅಂದರು. ಆಗುವುದಿಲ್ಲ ಅಂದೆ, ಅದು ಬಟ್ಟೆಯನ್ನು ಬಿರುಸು ಮಾಡುತ್ತದೆ, ಇಳಕಲ್ಲಿನ ಬಣ್ಣ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ಸಂರಕ್ಷಣೆಯವರು ನನ್ನ ಪರ ನಿಂತರು. ಕೊನೆಗೆ ಬಾಗಿಲಿನ ದಾರಿಯಿಂದ ದೂರಕ್ಕೆ ಸರಿಸಿ, ದೀಪಗಳನ್ನೆಲ್ಲ ಎಲ್‌ಇಡಿಗೆ ಬದಲಿಸಿ, ಕೋಣೆಯಲ್ಲಿ ಯಾವಾಗಲೂ ಒಬ್ಬ ಸಿಬ್ಬಂದಿ ಇರಬೇಕು ಅನ್ನುವ ಷರತ್ತಿನ ಮೇಲೆ ಅಗ್ನಿ ಸುರಕ್ಷತೆಯ ಅಧಿಕಾರಿ ಒಪ್ಪಿದರು. ನೀನಾಸಂನಲ್ಲಿ ಬೆಳಕಿನ ಕೆಲಸ ಕಲಿತಿದ್ದು ಅವತ್ತು ಕೈಹಿಡಿಯಿತು. ದೀಪದ ನಕ್ಷೆಯನ್ನು ಅಲ್ಲೇ ಕೂತು ಮತ್ತೆ ಬರೆದುಕೊಟ್ಟೆ. ಕೌದಿಗಳ ನಡುವಿನ ಅಂತರ ಹೆಚ್ಚಾಗಿ ಧ್ವನಿ ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸತೊಡಗಿತು. ನನಗೆ ಹಾಗೇ ಹಿಡಿಸಿತು.

ಉದ್ಘಾಟನೆಯ ಮರುದಿನ ಒಬ್ಬರು ಮೂರನೇ ಕೌದಿಯನ್ನು ಕೊಳ್ಳುತ್ತೇನೆ ಅಂದರು, ನಾನು ಬರೆದ ಬೆಲೆಯ ಎರಡರಷ್ಟಕ್ಕೆ. ಕಾರ್ನೆಟ್‌ನಲ್ಲಿ ಹೋದ ವಸ್ತುವನ್ನು ಅಲ್ಲಿ ಮಾರಿ ಬಿಟ್ಟು ಬಂದರೆ ಆ ದೇಶದ ಸುಂಕ, ತೆರಿಗೆ ನಮ್ಮ ಠೇವಣಿಗೆ ಬೀಳುತ್ತದೆ. ವಾಪಸ್ ತಂದು, ಬೇರೆ ಕಾಗದದಲ್ಲಿ ರಫ್ತು ಮಾಡುವುದು ಸರಿಯಾದ ದಾರಿ. ಅವರ ವಿಳಾಸ ತೆಗೆದುಕೊಂಡು ಬಂದಿದ್ದೇನೆ.

ಮರಳುವಾಗ ಗಮನಿಸಬೇಕಾದದ್ದು ಒಂದೇ, ಮುದ್ರೆಗಳು. ಕಾರ್ನೆಟ್‌ನಲ್ಲಿ ಹಳದಿ ಹಾಳೆ ನಮ್ಮ ದೇಶದಿಂದ ಹೊರಡಲು ಮತ್ತು ಮರಳಲು, ಬಿಳಿ ಹಾಳೆ ಆ ದೇಶಕ್ಕೆ ಒಳಬರಲು ಮತ್ತು ಹೊರಡಲು, ನೀಲಿ ಹಾಳೆ ನಡುವೆ ಬೇರೆ ದೇಶ ದಾಟಲು. ಬಿಳಿ ಹಾಳೆಯ ಎರಡನೇ ಮುದ್ರೆ ಬೀಳದೆ ಪೆಟ್ಟಿಗೆ ಯುರೋಪ್ ಬಿಟ್ಟರೆ, ಅದು ಅಲ್ಲೇ ಉಳಿದಿದೆ ಅಂತಲೇ ಲೆಕ್ಕ. ನಾನು ಆಗ ಊರಲ್ಲಿದ್ದೆ. ಮುದ್ರೆ ಬಿದ್ದ ಹಾಳೆಯ ಫೋಟೊ ಕಳಿಸದೆ ವಿಮಾನಕ್ಕೆ ಏರಿಸಬೇಡಿ ಅಂತ ಅಲ್ಲಿನ ಸಾಗಾಟದವರಿಗೆ ಬರೆದಿದ್ದೆ. ಫೋಟೊ ಬಂತು, ನೋಡಿದರೆ ಮುದ್ರೆ ಇಲ್ಲ! ಪೆಟ್ಟಿಗೆಯನ್ನು ಇಳಿಸಿಕೊಂಡು ಮುದ್ರೆ ಹಾಕಿಸಿ ಮರುದಿನದ ವಿಮಾನಕ್ಕೆ ಕಳಿಸಿದರು. ದೇವನಹಳ್ಳಿಯಲ್ಲಿ ಪೆಟ್ಟಿಗೆ ಬಿಚ್ಚಿ, ಕೆಂಪು ದಾರದ ಅಂಕಿಗಳನ್ನು ಪಟ್ಟಿಗೆ ತಾಳೆ ನೋಡಿ, ಹಳದಿ ಹಾಳೆಗೆ ಮುದ್ರೆ ಹಾಕಿಕೊಟ್ಟರು. ಅರ್ಧ ದಿನದ ಕೆಲಸ.

ಕಾರ್ನೆಟನ್ನು ಕೊಟ್ಟವರಿಗೇ ಮರಳಿಸಿದ ಮೇಲೆ ಠೇವಣಿ ಬಿಡುಗಡೆಯಾಗುತ್ತದೆ. ಮರಳಿಸುವ ಮೊದಲು ಪ್ರತಿ ಹಾಳೆಯನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ನನ್ನ ಠೇವಣಿ ಇನ್ನೂ ಬರಬೇಕು, ತಮ್ಮ ಇನ್ನೂ ಕೇಳಿಲ್ಲ.

ಖರ್ಚು: ಸಾಗಾಟ, ವಿಮೆ, ನನ್ನ ಟಿಕೆಟ್ ಕಲಾಕೇಂದ್ರದ್ದು. ಪೆಟ್ಟಿಗೆ, ಏಜೆಂಟ್, ಕಾರ್ನೆಟ್ ಶುಲ್ಕ, ವೀಸಾ, ಬೆಂಗಳೂರಿನ ಓಡಾಟ ಸೇರಿ ನನ್ನ ಕೈಯಿಂದ ಹೋದದ್ದು ಹತ್ತಿರ ಹತ್ತಿರ ಒಂದು ಲಕ್ಷ. ಗೌರವಧನ ಅದನ್ನು ತುಂಬಿ ಸ್ವಲ್ಪ ಉಳಿಸಿತು. ಮೊದಲ ಕರಡಿನಲ್ಲಿ ಆ ಗೌರವಧನ ಇರಲೇ ಇಲ್ಲ, ಕೇಳಿದ ಮೇಲೆ ಸೇರಿಸಿದ್ದು. ಅವ್ವನ ಸಹಿ ಇರುವುದರಿಂದ ಅವಳಿಗೂ ಬೇರೆಯಾಗಿ ಕೇಳಿದೆ, ಅದನ್ನೂ ಕೊಟ್ಟರು. ಊರಿನ ಅವಳ ಉಳಿತಾಯ ಖಾತೆಗೆ ವಿದೇಶದ ಹಣ ನೇರ ಬರುವ ಅನುಕೂಲ ಇಲ್ಲದ್ದರಿಂದ ಎರಡೂ ಮೊತ್ತ ನನ್ನ ಖಾತೆಗೆ ಬಂದವು. ಬ್ಯಾಂಕಿನವರು ಯಾವ ಉದ್ದೇಶದ ಹಣ ಅಂತ ಕೇಳಿದಾಗ ಒಪ್ಪಂದದ ಪ್ರತಿ ಕೊಟ್ಟೆ. ಅವಳ ಪಾಲನ್ನು ಅವತ್ತೇ ಅವಳ ಖಾತೆಗೆ ಹಾಕಿದೆ. ಅವಳ ಹೆಸರಿಗೆ ಪ್ಯಾನ್ ಕಾರ್ಡ್ ಈಗ ಮಾಡಿಸಿದ್ದೇನೆ, ಮುಂದಿನ ಒಪ್ಪಂದದ ಹೊತ್ತಿಗೆ ಖಾತೆಯೂ ಬೇರೆ ಆಗಿರುತ್ತದೆ.